ಸೊಂಟಕ್ಕೆ ಕಟ್ಟಿದ ಹುರಿಹಗ್ಗ

ಫೈರ್ ಸ್ಟೇಷನ್ ವಹಿಸಿಕೊಂಡ ಮೂರನೆಯ ದಿನ ನಾನು ಬರೆದ ಮೊದಲ ಆದೇಶ ಒಂದು ಹಗ್ಗದ ವಿರುದ್ಧವಾಗಿತ್ತು.

ವಿಜಯನಗರ ಬಡಾವಣೆಯ ಮನೆಗಳು ಮುಗಿದು, ಸೈಟುಗಳ ಗುರುತಿನ ಕಲ್ಲು ಮಾತ್ರ ಉಳಿದು, ಆಮೇಲೆ ಅವೂ ಇಲ್ಲವಾಗುವ ಕಡೆ ನಮ್ಮ ಡಿಪೊ ಇದೆ. ಸೇನೆಯ ಸಾಮಾನು ಇಡುವ ಜಾಗ. ಒಳಗೆ ಏನೇನಿದೆ ಎಂದು ನಾನು ಬರೆಯುವಂತಿಲ್ಲ. ಮುಳ್ಳುತಂತಿಯ ಬೇಲಿ, ಬೇಲಿಯೊಳಗೆ ಎದೆಮಟ್ಟದ ಹುಲ್ಲು, ಹುಲ್ಲಿನ ನಡುವೆ ಸಾಲು ಶೆಡ್ಡುಗಳು. ಅಗ್ನಿಶಾಮಕದವರ ನಿದ್ದೆ ಕೆಡಲು ಇಷ್ಟು ಸಾಕು. ಡಿಪೊ ಒಳಗಿನ ನಮ್ಮ ಸ್ಟೇಷನ್ನಿಗೆ ಎರಡು ಫೈರ್ ಎಂಜಿನ್, ಹಿಂದೆ ಕಟ್ಟಿ ಎಳೆಯುವ ಒಂದು ಟ್ರೈಲರ್ ಪಂಪು, ಹದಿನಾಲ್ಕು ಜನ. ಅವರಿಗೆ ನಾನು ಸ್ಟೇಷನ್ ಆಫೀಸರ್. ಹದಿನಾಲ್ಕರಲ್ಲಿ ಹದಿಮೂರು ಜನ ವಯಸ್ಸಿನಲ್ಲಿ ನನಗಿಂತ ದೊಡ್ಡವರು. ಉಳಿದವನು ಮೀಸೆ ಬಿಟ್ಟು ಹಾಗೆ ಕಾಣುತ್ತಿದ್ದ.

ಹಗ್ಗದ ವಿಷಯ ಹೀಗೆ. ಹೋಸ್ ಪೈಪಿನ ತುದಿಯ ಲೋಹದ ಕೊಳವೆಗೆ ನಮ್ಮಲ್ಲಿ ಬ್ರಾಂಚ್ ಅನ್ನುತ್ತಾರೆ. ಬ್ರಾಂಚ್ ಹಿಡಿದು ಹೊಗೆಯೊಳಕ್ಕೆ ಹೋಗುವವನ ಬೆಲ್ಟಿಗೆ ಈ ಸ್ಟೇಷನ್ನಿನಲ್ಲಿ ಕಿರುಬೆರಳು ದಪ್ಪದ ನೂಲಿನ ಹುರಿಹಗ್ಗ ಕಟ್ಟುತ್ತಿದ್ದರು. ಅದರ ಇನ್ನೊಂದು ತುದಿ ಹಿಂದೆ, ನೀರಿನ ವಾಲ್ವ್ ಹಿಡಿದವನ ಕೈಯಲ್ಲಿ. ಒಂದು ಸಲ ಎಳೆದರೆ ‘ನೀರು ಬಿಡು’. ಎರಡು ಸಲ, ‘ನಿಲ್ಲಿಸು’. ಮೂರು ಸಲ, ‘ವಾಪಸ್ ಬರ್ತಿದೀನಿ’. ಎಳೆತ ಸಿಕ್ಕವನು ಅಷ್ಟೇ ಸಲ ತಿರುಗಿ ಎಳೆಯಬೇಕು. ತಿರುಗಿ ಎಳೆಯದಿದ್ದರೆ ಮಾತು ತಲುಪಲಿಲ್ಲ ಎಂದೇ ಅರ್ಥ.

ಎಲ್ಲರ ಎದೆಯ ಮೇಲೂ ಒಂದೊಂದು ವಾಕಿಟಾಕಿ ನೇತಾಡುತ್ತಿತ್ತು. ಅದಿರುವಾಗ ಇದೇಕೆ?

“ಇದು ಯಾವ ಪುಸ್ತಕದಲ್ಲಿದೆ?” ಎಂದು ಪಂಪ್ ಆಪರೇಟರನ್ನು ಕೇಳಿದೆ. ಸ್ಟೇಷನ್ನಿನಲ್ಲಿ ಬಾಯಿ ಇದ್ದದ್ದು ಅವನಿಗೇ.

“ಪುಸ್ತಕದಲ್ಲಿಲ್ಲ ಮೇಡಂ. ಯಜಮಾನ್ರು ತಂದಿದ್ದು.”

ಯಜಮಾನರು ಎಂದರೆ ನಮ್ಮ ಲೀಡಿಂಗ್ ಫೈರ್‌ಮನ್. ಮೂವತ್ತು ವರ್ಷಕ್ಕೂ ಮೇಲ್ಪಟ್ಟ ಸರ್ವಿಸು, ಚಾಮರಾಜಪುರಂನ ವಠಾರದಿಂದ ದಿನಾ ಸೈಕಲ್ಲಿನಲ್ಲಿ ಬರುವವರು, ಹೆಸರಿನಿಂದ ಯಾರೂ ಕರೆದದ್ದು ನಾನು ಕೇಳಿಲ್ಲ.

“ಎಮ್ಮೆ ಮೇಯಿಸೋ ಹಗ್ಗದ ಥರ ಇದೆಯಲ್ಲ,” ಎಂದೆ.

“ಎಮ್ಮೆನೂ ವಾಪಸ್ ಬರ್ಬೇಕಲ್ವಾ ಮೇಡಂ?”

ಎಲ್ಲರೂ ನಕ್ಕರು. ನಾನೂ ನಗಬಹುದಿತ್ತು. ಆದರೆ ಕಾಲೇಜಿನ ದಿನಗಳಿಂದ ಚರ್ಚಾಸ್ಪರ್ಧೆಯ ವೇದಿಕೆಗಳಲ್ಲಿ ಬೆಳೆದವಳು. ಎದುರಾಳಿ ನಗಿಸಿದರೆ ಅಂಕ ಅವನ ಕಡೆ ಜಾರುತ್ತದೆ ಎಂದು ನಂಬಿದವಳು. ಮೂರು ಕಾರಣ ಕೊಟ್ಟೆ. ಹಗ್ಗ ಕಾಲಿಗೆ ತೊಡರುತ್ತದೆ. ಮೂಲೆ ತಿರುಗುವಾಗ ಸಿಕ್ಕಿಕೊಳ್ಳುತ್ತದೆ. ಹಗ್ಗವನ್ನು ನಂಬಿದವರು ರೇಡಿಯೊ ಶಿಸ್ತು ಕಲಿಯುವುದಿಲ್ಲ. ಇಂದಿಗೂ ಹೇಳುತ್ತೇನೆ, ಮೂರೂ ಒಳ್ಳೆಯ ಕಾರಣಗಳೇ. ನಾನು ಮಾತಾಡುತ್ತಿದ್ದಷ್ಟು ಹೊತ್ತೂ ಯಜಮಾನರು ನನ್ನ ಮುಖದಿಂದ ಕಣ್ಣು ತೆಗೆಯದೆ, ಸ್ವಲ್ಪ ಬಾಗಿ ನಿಂತಿದ್ದರು. ಗೌರವ ಎಂದುಕೊಂಡೆ. ಮುಗಿಸಿದ ಮೇಲೆ ಅವರು “ಆಯ್ತು ಮೇಡಂ” ಎಂದಷ್ಟೇ ಹೇಳಿ ಹಗ್ಗವನ್ನು ಮೊಣಕೈಗೆ ಸುತ್ತಿ ಸುತ್ತಿ ಸಿಂಬಿ ಮಾಡಿ ಗೂಟಕ್ಕೆ ಹಾಕಿದರು. ವಾದವಿಲ್ಲದೆ ಗೆದ್ದದ್ದು ನನಗೆ ಅಷ್ಟೇನೂ ರುಚಿಸಲಿಲ್ಲ.

ಆದೇಶ ಜಾರಿಯಾಗಿ ಐದು ವಾರ. ವಾರ್ಷಿಕ ತಪಾಸಣೆ ಹತ್ತಿರ ಬರುತ್ತಿತ್ತು. ಹೋಸಿಗೆ ಇನ್ನೊಂದು ತುಂಡು ಸೇರಿಸುವ ಡ್ರಿಲ್ಲನ್ನು ದಿನಾ ಬೆಳಗ್ಗೆ ಮಾಡಿಸುತ್ತಿದ್ದೆ. ವಿಧಾನ ಸರಳ: ಮುಂದಿರುವವನು ‘ನಿಲ್ಲಿಸು’ ಎನ್ನುತ್ತಾನೆ, ಹಿಂದಿರುವವನು ವಾಲ್ವ್ ಮುಚ್ಚುತ್ತಾನೆ, ನಡುವಿನವನು ಹೋಸು ಬಿಚ್ಚಿ ಹೊಸ ತುಂಡು ಜೋಡಿಸುತ್ತಾನೆ, ಆಮೇಲೆ ‘ನೀರು ಬಿಡು’. ಅಂದು ವಾಲ್ವಿನ ಹತ್ತಿರ ಯಜಮಾನರು. ನಡುವಿನ ಫೈರ್‌ಮನ್‌ಗೆ ಜೋಡಣೆ ಕೂರಲಿಲ್ಲ. ಅವನು ಕೈ ಎತ್ತಿ, “ತಡೀರಿ, ಬುಡ್ಬೇಡಿ!” ಎಂದು ಕೂಗಿದ. ವಾಕಿಟಾಕಿಯಲ್ಲಿ ನಾನೂ ಕೂಗಿದೆ. ಯಜಮಾನರು ಎತ್ತಿದ ಕೈಯನ್ನು ನೋಡಿದರು, ಆಯ್ತೆಂಬಂತೆ ತಲೆಯಾಡಿಸಿದರು, ವಾಲ್ವ್ ಪೂರ್ತಿ ತೆರೆದರು.

ಕಟ್ಟಿಲ್ಲದ ಹೋಸು ಕೇರೆಹಾವಿನ ಹಾಗೆ ಎದ್ದು ಹೊರಳಿತು. ತುದಿಯ ಲೋಹದ ಬಳೆ ಫೈರ್‌ಮನ್‌ನ ಮೊಣಕೈಗೆ ಬಡಿಯಿತು. ಮೂಳೆ ಮುರಿದಿರಲಿಲ್ಲ, ಕೈ ಸಂಜೆಯ ಹೊತ್ತಿಗೆ ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಅದು ಒಂದು ಗೇಣು ಮೇಲೆ, ತಲೆಗೆ ಬಡಿದಿದ್ದರೆ ಈ ಬರಹ ಬೇರೆಯದೇ ಆಗುತ್ತಿತ್ತು.

ನಾಲ್ವರ ಹೇಳಿಕೆ ಬರೆಸಿಕೊಂಡೆ. ನಾಲ್ಕರಲ್ಲೂ ಒಂದೇ ವಾಕ್ಯ: ಗಾಳಿ ಜೋರಾಗಿದ್ದ ಕಾರಣ ಕೂಗು ಕೇಳಿಸಲಿಲ್ಲ. ಏಟು ತಿಂದವನೂ ಅದನ್ನೇ ಬರೆದಿದ್ದ, ಎಡಗೈಯಲ್ಲಿ. ನಾಲ್ಕು ಜನ ಒಂದೇ ಮಾತನ್ನು ಒಂದೇ ಥರ ಹೇಳಿದರೆ ಅದನ್ನು ಯಾರೋ ಕೂತು ಹೊಂದಿಸಿದ್ದಾರೆ ಎಂಬುದು ನನ್ನ ಹಳೆಯ ವಿದ್ಯೆ.

“ಗಾಳಿ ಇತ್ತಾ?” ಎಂದು ಪಂಪ್ ಆಪರೇಟರನ್ನು ಕರೆದು ಕೇಳಿದೆ.

“ಭಾರೀ ಗಾಳಿ ಮೇಡಂ.”

“ಕಂಬದ ಮೇಲಿನ ಧ್ವಜ ಒದ್ದೆ ಟವೆಲ್ ಥರ ಇಳಿಬಿದ್ದಿತ್ತಲ್ಲ?”

“ಗಾಳಿ ಕೆಳಗಿತ್ತು ಮೇಡಂ. ನೆಲದ ಮೇಲೆ.”

“ಯಾರನ್ನ ಉಳಿಸ್ತಿದೀಯ?”

“ನಿಮ್ಮತ್ರ ವಾದ ಮಾಡೋದು ಅಂದ್ರೆ ಕಾಡ್ಗಿಚ್ಚನ್ನ ಬಾಯಲ್ಲಿ ಊದಿ ಆರ್ಸಿದಂಗೆ,” ಎಂದು ಅವನು ಟೋಪಿ ಸರಿಮಾಡಿಕೊಂಡ. “ನೀವೇ ನೋಡ್ಕಳಿ ಮೇಡಂ. ನನ್ನ ಬಾಯಲ್ಲಿ ಬರೋದು ಬ್ಯಾಡ.”

ಮಾರನೆಯ ದಿನ ಹೋಸು ಒಣಗಿಸುವ ಗೋಪುರದ ಕೆಳಗೆ ಯಜಮಾನರು ಒಬ್ಬರೇ ಕೂತು ತೂತಾದ ಹೋಸಿಗೆ ತೇಪೆ ಹಾಕುತ್ತಿದ್ದರು. ನನ್ನ ಕಡೆಗೆ ಬೆನ್ನು. ಕೈಯಲ್ಲಿ ಎರಡು ಲೋಟ ಕಾಫಿ ಹಿಡಿದು ಹೋದೆ.

“ಯಜಮಾನ್ರೇ, ಕಾಫಿ.”

ಬ್ರಷ್ಷಿನಿಂದ ಅಂಟು ಸವರುತ್ತಲೇ ಇದ್ದರು. ಇನ್ನೂ ನಾಲ್ಕು ಹೆಜ್ಜೆ ಹತ್ತಿರ ಹೋಗಿ ಮತ್ತೆ ಕರೆದೆ. ಮೂರನೆಯ ಸಲ ಡ್ರಿಲ್ಲಿನ ದನಿಯಲ್ಲಿ ಕರೆದೆ. ಗೋಪುರದ ಮೇಲಿನ ಪಾರಿವಾಳಗಳು ಹಾರಿಹೋದವು. ಯಜಮಾನರು ತೇಪೆಯ ಅಂಚನ್ನು ಹೆಬ್ಬೆರಳಿನಿಂದ ಒತ್ತುತ್ತಿದ್ದರು, ಮಗುವಿನ ಹಣೆಗೆ ವಿಭೂತಿ ಇಡುವವರ ಹಾಗೆ. ಕೊನೆಗೆ ನನ್ನ ನೆರಳು ಅವರ ಕೈಯ ಮೇಲೆ ಬಿತ್ತು. ತಿರುಗಿ ಮುಖವರಳಿಸಿದರು.

“ಏನ್ ಮೇಡಂ, ಸದ್ದಿಲ್ದಂಗೆ ಬಂದ್ಬುಟ್ರಿ!”

ಲೋಟಗಳನ್ನು ಕೆಳಗಿಟ್ಟೆ. ಅವರ ಮುಂದೆ, ನನ್ನ ತುಟಿ ಅವರಿಗೆ ಕಾಣುವ ಹಾಗೆ ಕೂತೆ. “ಯಾವಾಗಿಂದ?” ಎಂದು ಕೇಳಿದೆ.

ಸುಳ್ಳು ಹೇಳಬಹುದೇ ಎಂದು ಅವರು ನನ್ನ ಮುಖ ಅಳೆದರು. ಹೇಳಲಿಲ್ಲ.

“ಪಂಪು ತಿಂತು ಕಣಮ್ಮ. ಸ್ವಲ್ಪ ಸ್ವಲ್ಪನೇ. ಮುಂಚೆ ಟ್ರೈಲರ್ ಪಂಪಿನ ಪಕ್ಕ ಕಿವಿಗೆ ಏನೂ ಕಟ್ಕೊಳ್ದೆ ನಿಂತ್ಕತಿದ್ವಿ. ಮನೇಲಿ ನಮ್ಮವ್ಳು ಹೇಳ್ತಾಳೆ, ನಿಮ್ಮ ಟಿವಿ ಸೌಂಡ್ ಯಾದವಗಿರಿಗೂ ಕೇಳ್ಸುತ್ತೆ ಅಂತ.”

ಯಾದವಗಿರಿಯಲ್ಲಿ ಒಂದು ಬಂಗಲೆಯ ಔಟ್‌ಹೌಸಿನಲ್ಲಿ ಬಾಡಿಗೆಗಿದ್ದವಳು ನಾನು. ನಗು ಬಂತು, ಬಂದದ್ದಕ್ಕೆ ನಾಚಿಕೆಯೂ ಆಯಿತು.

“ಹಗ್ಗ?”

“ಕೇಳ್ಸೋದು ಕಮ್ಮಿಯಾದಾಗ ತಂದೆ. ಕೈಗೆ ಕಿವಿ ಬೇಡ ನೋಡಿ.” ಅವರು ಬ್ರಷ್ಷನ್ನು ಡಬ್ಬದ ಅಂಚಿಗೆ ಒರೆಸಿದರು. “ಏಳು ತಿಂಗಳಿದೆ ಮೇಡಂ. ಎಂಜಿನ್ ಮೇಲೆ ಗೇಟು ದಾಟ್ಬೇಕು ಅಂತ ಒಂದಾಸೆ.”

ಅದು ಈ ಸ್ಟೇಷನ್ನಿನ ರೂಢಿ. ನಿವೃತ್ತಿಯ ದಿನ ಮನುಷ್ಯ ಕೊನೆಯ ಡ್ರಿಲ್ ಮಾಡುತ್ತಾನೆ. ಆಮೇಲೆ ಎಂಜಿನ್ನಿನ ಮುಂದಿನ ಎಡಗಡೆ ಸೀಟಿನಲ್ಲಿ, ಅಧಿಕಾರಿಯ ಜಾಗದಲ್ಲಿ, ಕೂತು ಗಂಟೆ ಬಾರಿಸಿಕೊಂಡು ಗೇಟಿನಿಂದ ಹೊರಗೆ ಹೋಗುತ್ತಾನೆ. ಯಜಮಾನರು ಅದೆಷ್ಟೋ ಜನರನ್ನು ಹಾಗೆ ಕಳಿಸಿಕೊಟ್ಟಿದ್ದರು. ಆದರೆ ಆ ಸೀಟು ಕರೆ ಬಂದರೆ ಹೊರಡುವ ತಂಡದಲ್ಲಿ ಇರುವವರಿಗೆ ಮಾತ್ರ. ವೈದ್ಯಕೀಯವಾಗಿ ಕೆಳಗಿಳಿದವರನ್ನು ನಮ್ಮಲ್ಲಿ ಕಂಟ್ರೋಲ್ ರೂಮಿಗೆ ಹಾಕುತ್ತಾರೆ: ಫೋನು ಎತ್ತುವುದು, ಸೈರನ್ ಕೊಡುವುದು. ಕಿವಿ ಕೇಳಿಸದವರಿಗೆ ಇಡೀ ಸ್ಟೇಷನ್ನಿನಲ್ಲಿ ಆಗದ ಕೆಲಸ ಅದೊಂದೇ. ಹಾಗಾಗಿ ಅವರ ಪಾಲಿಗೆ ಉಳಿಯುವುದು ‘ಅನರ್ಹ’ ಎಂಬ ಫೈಲು, ಮನೆಯ ದಾರಿ.

ಅಂದು ಮನೆಗೆ ಹೋಗಿ ಹಳೆಯ ಅಭ್ಯಾಸದಂತೆ ಒಂದು ಹಾಳೆಯ ನಡುವೆ ಗೆರೆ ಎಳೆದು ಪರ, ವಿರೋಧ ಎಂದು ಬರೆದೆ. ಸುಮ್ಮನಿರುವುದರ ಪರವಾಗಿ ಹದಿನೇಳು ಸಾಲು ಸಿಕ್ಕವು. ಏಳೇ ತಿಂಗಳು, ಕಿವಿ ಹೋದದ್ದು ಕೆಲಸದಲ್ಲೇ, ನನ್ನ ಆದೇಶ ಬರುವವರೆಗೆ ಒಂದು ಅಪಘಾತವೂ ಆಗಿರಲಿಲ್ಲ. ವಿರೋಧದ ಕಡೆ ಒಂದೇ ಪದ ಬರೆದೆ: ಮೊಣಕೈ. ಹದಿನೇಳು ಸಾಲಿನಲ್ಲಿ ಒಂದೂ ಅದನ್ನು ದಾಟಲಿಲ್ಲ. ಹಾಗಂತ ಹಗ್ಗ ಕಿತ್ತುಕೊಂಡವಳು ಬೇರೆ ಯಾರೂ ಅಲ್ಲ ಎಂಬುದನ್ನು ಯಾವ ಕಡೆ ಬರೆಯಬೇಕೋ ತಿಳಿಯದೆ ಗೆರೆಯ ಮೇಲೆಯೇ ಬರೆದೆ.

ಶ್ರವಣ ಪರೀಕ್ಷೆಗೆ ಅವರನ್ನು ನಾನೇ ಕರೆದುಕೊಂಡು ಹೋದೆ. ಒಂದು ಸಣ್ಣ ಗಾಜಿನ ಕೋಣೆ. ಒಳಗೆ ಯಜಮಾನರು, ಇಸ್ತ್ರಿ ಮಾಡಿದ ಯೂನಿಫಾರ್ಮ್, ಕಿವಿಗೆ ಹೆಡ್‌ಫೋನು, ಕೈಯಲ್ಲಿ ಒಂದು ಗುಂಡಿ. ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಬೇಕು. ಹೊರಗೆ ಪರೀಕ್ಷೆ ಮಾಡುವ ಹೆಣ್ಣುಮಗಳು, ಅವಳ ಹಿಂದೆ ನಾನು. ಯಜಮಾನರು ಪಟಪಟನೆ ಒತ್ತತೊಡಗಿದರು. ಒಂದೂ ತಪ್ಪಲಿಲ್ಲ. ನನ್ನೆದೆ ಹಗುರವಾಯಿತು. ಆಮೇಲೆ ಗಮನಿಸಿದೆ: ಅವರ ಕಣ್ಣು ಅವಳ ಬಲಗೈಯ ಮೇಲಿತ್ತು. ಅವಳ ಬೆರಳು ಆಡಿದಾಗಲೆಲ್ಲ ಇವರ ಹೆಬ್ಬೆರಳು ಆಡುತ್ತಿತ್ತು.

ಅವಳಿಗೂ ಗೊತ್ತಾಯಿತು. “ಅಂಕಲ್ ಭಾರೀ ಚುರುಕು,” ಎಂದು ಮೆಲ್ಲಗೆ ನಕ್ಕು ಕುರ್ಚಿಯನ್ನು ತಿರುಗಿಸಿ ಅವರಿಗೆ ಬೆನ್ನು ಹಾಕಿದಳು.

ಈಗ ಅವರಿಗೆ ಕಾಣುತ್ತಿದ್ದದ್ದು ನನ್ನ ಮುಖ ಮಾತ್ರ. ಅವಳು ಒಂದಾದ ಮೇಲೊಂದು ಸದ್ದು ಕಳಿಸುತ್ತಿದ್ದಳು. ಪರದೆಯ ಮೇಲೆ ನನಗೆ ಕಾಣುತ್ತಿತ್ತು. ಅವರ ಹೆಬ್ಬೆರಳು ಗುಂಡಿಯಿಂದ ಕೂದಲೆಳೆಯಷ್ಟು ಮೇಲೆ ನಿಂತಿತ್ತು. ಅವರು ನನ್ನನ್ನು ನೋಡಿದರು. ಸದ್ದು ಬಂದಾಗಲೆಲ್ಲ ನಾನು ಬರೀ ರೆಪ್ಪೆ ಹೊಡೆದಿದ್ದರೂ ಸಾಕಿತ್ತು. ನಾನು ನೆಲ ನೋಡಿದೆ. ಮತ್ತೆ ತಲೆಯೆತ್ತಿದಾಗ ಅವರು ಗುಂಡಿಯನ್ನು ತೊಡೆಯ ಮೇಲಿಟ್ಟು, ಅದರ ಮೇಲೆ ಕೈ ಮುಚ್ಚಿ, ಕಣ್ಣು ಮುಚ್ಚಿ ಕೂತಿದ್ದರು. ಸದ್ದಿಗಾಗಿ ನಿಜವಾಗಿ ಕಾಯುತ್ತಿದ್ದರು. ಬಹಳ ಹೊತ್ತು ಕಾದರು.

ಆಮೇಲೆ ಹನ್ನೊಂದು ದಿನ ಅವರು ನನ್ನ ಹತ್ತಿರ ಮಾತಾಡಲಿಲ್ಲ. ಎದುರಿಗೆ ನಿಂತೇ ಪಂಪ್ ಆಪರೇಟರಿಗೆ ಹೇಳುತ್ತಿದ್ದರು: “ಮೇಡಂಗೆ ಹೇಳಪ್ಪಾ, ಮೂರನೇ ಟ್ಯಾಂಕಿನ ನೀರು ಇಳ್ದಿದೆ.” ಅವನು ನನ್ನ ಕಡೆ ತಿರುಗಿ, “ಮೇಡಂ, ಮೂರನೇ ಟ್ಯಾಂಕಿನ ನೀರು ಇಳ್ದಿದೆಯಂತೆ,” ಎನ್ನುತ್ತಿದ್ದ. ಮೂರಡಿ ದೂರದ ಈ ಅಂಚೆ ಸೇವೆ ಅವನಿಗೆ ಹಬ್ಬವಾಗಿತ್ತು.

ಆ ಹನ್ನೊಂದು ದಿನಗಳಲ್ಲೇ ವರದಿ ಬರೆದೆ. ಪರೀಕ್ಷೆಯ ಫಲಿತಾಂಶ ಇದ್ದದ್ದು ಇದ್ದ ಹಾಗೆ. ಅಪಘಾತಕ್ಕೆ ಕಾರಣ ನನ್ನ ಆದೇಶ ಎಂದೂ ಬರೆದೆ, ಗಾಳಿಯಲ್ಲ. ಹಗ್ಗದ ಮೇಲಿನ ನಿಷೇಧ ಹಿಂದೆಗೆದುಕೊಂಡೆ. ಕೊನೆಯಲ್ಲಿ ಕೋರಿಕೆ: ಯಜಮಾನರನ್ನು ಹೊರಡುವ ತಂಡದಿಂದ ಬಿಡಿಸಿ, ಮನೆಗೆ ಕಳಿಸದೆ, ಡ್ರಿಲ್ ಕಲಿಸುವ ಹೊಣೆ ಕೊಡಬೇಕು, ಹಗ್ಗದ ಸಂಕೇತಗಳನ್ನು ಸ್ಟೇಷನ್ನಿನ ಕಾಯಂ ನಿಯಮಕ್ಕೆ ಸೇರಿಸಬೇಕು.

ಕಮಾಂಡೆಂಟರು, ಎಂದರೆ ಡಿಪೊಗೆಲ್ಲ ಹಿರಿಯರಾದ ಸೇನಾಧಿಕಾರಿ, ಫೈಲನ್ನು ಎರಡು ಸಲ ಓದಿದರು. ಕನ್ನಡದವರಲ್ಲ, ಸೌಮ್ಯ ಮನುಷ್ಯರು. ಕಿವಿ ಕೇಳಿಸದವರು ಬೆಂಕಿಯ ಕೆಲಸ ಕಲಿಸುವುದು ಹೇಗೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಹೊಗೆಯೊಳಗೆ ಹೋದ ಮೇಲೆ ಎಲ್ಲರೂ ಕಿವುಡರೇ ಸರ್, ಅದನ್ನು ಮುಂಚೆಯೇ ಅರಿತವರು ಇವರೊಬ್ಬರು ಎಂದೆ. ವಾದ ಚೆನ್ನಾಗಿದೆ ಎಂದರು. ಸಹಿ ಹಾಕಲಿಲ್ಲ.

ಏಪ್ರಿಲ್‌ನ ಒಂದು ಮಧ್ಯಾಹ್ನ ಪಶ್ಚಿಮದ ಬೇಲಿಯ ಹುಲ್ಲಿಗೆ ಬೆಂಕಿ ಬಿತ್ತು. ಹೊರಗೆ ಯಾರೋ ಕಸ ಸುಟ್ಟಿದ್ದರು. ಸೈರನ್ ಆದಾಗ ಯಜಮಾನರು ಬೂಟು ಹಾಕಿಕೊಂಡು ಎಂಜಿನ್ನಿನ ಹತ್ತಿರ ನಿಂತಿದ್ದರು. ಎಲ್ಲರೂ ಓಡಿದ್ದನ್ನು ನೋಡಿ ತಿಳಿದುಕೊಂಡಿದ್ದರು. ನಾನು ಅಡ್ಡ ನಿಂತು ಇಲ್ಲವೆಂದು ತಲೆಯಾಡಿಸಿದೆ. ಅವರು ಗೂಟದಿಂದ ಹಗ್ಗಗಳನ್ನು ತೆಗೆದು, ಹತ್ತುತ್ತಿದ್ದ ಒಬ್ಬೊಬ್ಬರ ಬೆಲ್ಟಿಗೂ ತಾವೇ ಗಂಟು ಹಾಕಿ, ಒಮ್ಮೆ ಜಗ್ಗಿ ನೋಡಿ ಬಿಟ್ಟರು.

ಹುಲ್ಲಿನ ಬೆಂಕಿ ಓಡುತ್ತದೆ. ಅದರ ಮುಂದೆ ಹೋಗಿ ನೆಲ ನೆನೆಸಬೇಕು, ಪಕ್ಕದಿಂದ ಹಸಿಸೊಪ್ಪಿನಲ್ಲಿ ಬಡಿದು ಬಡಿದು ಅಗಲ ಕಿರಿದು ಮಾಡಬೇಕು. ಶೆಡ್ಡಿಗೂ ಜ್ವಾಲೆಗೂ ನಡುವೆ ಒಂದು ರಸ್ತೆಯಷ್ಟು ಜಾಗ ಉಳಿದಾಗ ಗಾಳಿ ತಿರುಗಿತು. ಈ ಸಲ ನಿಜವಾದ ಗಾಳಿ. ಬ್ರಾಂಚ್ ಹಿಡಿದವನು ಹೊಗೆಯೊಳಗೆ ಮರೆಯಾದ. ಅವನು, ಮೊಣಕೈಗೆ ಏಟು ತಿಂದಿದ್ದವನೇ. ವಾಲ್ವ್ ನನ್ನ ಕೈಯಲ್ಲಿತ್ತು. ಪಕ್ಕದಲ್ಲಿ ಪಂಪು ಮೊರೆಯುತ್ತಿತ್ತು, ವಾಕಿಟಾಕಿ ಕರಕರ ಎನ್ನುತ್ತಿತ್ತು. ಜೀಪಿನಿಂದಿಳಿದ ಕಮಾಂಡೆಂಟರು ಏನೋ ಕೂಗಿದರು. ಬಾಯಿ ಆಡಿದ್ದು ಕಂಡಿತು, ಅಷ್ಟೇ.

ಆಗ ನನ್ನ ಅಂಗೈಯಲ್ಲಿ ಹಗ್ಗ ಎರಡು ಸಲ ಬಿಗಿಯಿತು. ನಿಲ್ಲಿಸು. ಎರಡು ಸಲ ತಿರುಗಿ ಎಳೆದು ವಾಲ್ವ್ ಮುಚ್ಚಿದೆ. ತುಸು ಹೊತ್ತು ಏನೂ ಇಲ್ಲ. ಆ ತುಸು ಹೊತ್ತಿನ ಉದ್ದವನ್ನು ನಾನು ಬರೆಯಲಾರೆ. ಆಮೇಲೆ ಮೂರು. ಮೂರು ತಿರುಗಿ ಕೊಟ್ಟು ಹಗ್ಗ ಸಡಿಲ ಬೀಳದಂತೆ ಕೈಕೈ ಬದಲಿಸಿ ಸುತ್ತುತ್ತ ಹೋದೆ. ಹೋಸನ್ನು ಎಳೆದುಕೊಂಡು, ಹಿಮ್ಮುಖವಾಗಿ ಹೆಜ್ಜೆಯಿಡುತ್ತ ಅವನು ಹೊಗೆಯಿಂದ ಹೊರಬಂದ. ಜಾಗ ಬದಲಿಸಿ ಇನ್ನೊಂದು ಕಡೆಯಿಂದ ನೀರು ಕೊಟ್ಟೆವು. ಶೆಡ್ಡಿಗೆ ಮಸಿ ಮಾತ್ರ ಹತ್ತಿತು.

ಹಗ್ಗ ಗೆದ್ದಿತು, ರೇಡಿಯೊ ಸೋತಿತು ಎಂದು ನಾನು ಬರೆಯುವುದಿಲ್ಲ. ಎರಡನೆಯ ಎಂಜಿನ್ನನ್ನು ಕರೆಸಿದ್ದು ವಾಕಿಟಾಕಿಯೇ. ಹಗ್ಗ ಒಂದು ಕಡೆ ಪೊದೆಗೆ ಸಿಕ್ಕಿಕೊಂಡದ್ದೂ ನಿಜ. ನನ್ನ ಮೂರು ಕಾರಣಗಳಲ್ಲಿ ಒಂದು ಅಂದೂ ಸರಿಯಾಗಿಯೇ ಇತ್ತು.

ವಾಪಸ್ ಬಂದಾಗ ಯಜಮಾನರು ಗ್ಯಾರೇಜಿನ ಬಾಗಿಲಲ್ಲಿ ನಿಂತು ಇಳಿಯುವವರನ್ನು ಬೆರಳು ಮಡಿಸಿ ಎಣಿಸಿದರು. ಕೊನೆಯಲ್ಲಿ ನಾನಿಳಿದೆ. ಹನ್ನೊಂದು ದಿನಗಳ ನಂತರ ನೇರವಾಗಿ ನನ್ನ ಮುಖ ನೋಡಿದರು.

“ಎಲ್ರೂ ಬಂದ್ರಾ ಮೇಡಂ?”

“ಬಂದ್ರು ಯಜಮಾನ್ರೇ.”

“ಕೈ ತೋರ್ಸಿ.” ಹಗ್ಗ ಉಜ್ಜಿ ಅಂಗೈ ಕೆಂಪಾಗಿತ್ತು. “ಅಷ್ಟು ಬಿಗಿಯಾಗಿ ಇಡ್ಕೋಬಾರ್ದು ಕಣಮ್ಮ. ಬಿಗಿಯಾಗಿ ಇಡ್ಕೊಂಡ್ರೆ ಆ ಕಡೆಯವ್ನು ಏನಂದ ಅಂತ ಗೊತ್ತಾಗಕಿಲ್ಲ.”

ಮರುವಾರ ಫೈಲು ಬಂತು. ಕಮಾಂಡೆಂಟರು ಅರ್ಧ ಒಪ್ಪಿದ್ದರು. ಡ್ರಿಲ್ ಕಲಿಸಬಹುದು, ನಿವೃತ್ತಿಯವರೆಗೂ ಸ್ಟೇಷನ್ನಿನಲ್ಲೇ ಇರಬಹುದು. ಆದರೆ ಯಾವ ಕಾರಣಕ್ಕೂ ಎಂಜಿನ್ ಹತ್ತುವಂತಿಲ್ಲ. ಯಜಮಾನರು ಅದನ್ನು ಓದಿ ಮಡಿಸಿ ಜೇಬಿಗಿಟ್ಟರು. “ಮುಕ್ಕಾಲು ಪಾಲು ಸಿಕ್ತಲ್ಲ ಬುಡಿ,” ಎಂದರು. ಆಮೇಲಿನ ಆರು ತಿಂಗಳು ಅವರು, ಅಭ್ಯಾಸಕ್ಕೆಂದು ಹೊಗೆ ತುಂಬಿಸುವ ಹೊಗೆಕೋಣೆಯಲ್ಲಿ, ನಮಗೆಲ್ಲ ಕಿವಿಗೆ ಹತ್ತಿ ತುರುಕಿ ಡ್ರಿಲ್ ಮಾಡಿಸಿದರು. ಅತಿ ಹೆಚ್ಚು ತಪ್ಪು ಮಾಡಿದವಳು ನಾನೇ. ಅವರು ಎಳೆದು ಮುಗಿಸುವ ಮುಂಚೆಯೇ ಉತ್ತರ ಎಳೆಯುತ್ತಿದ್ದೆ.

ನಿವೃತ್ತಿಯ ದಿನ ಬೆಳಗ್ಗೆ ಅವರು ಬ್ರಾಂಚ್ ಹಿಡಿದು ಹೊಗೆಕೋಣೆಯೊಳಗೆ ಹೋದರು, ನಾನು ವಾಲ್ವ್ ಹಿಡಿದೆ. ಒಂದು, ಎರಡು, ಮೂರು, ಎಲ್ಲವೂ ಸರಿಯಾಯಿತು. ಹೊರಬಂದು ಮುಖ ಒರೆಸಿಕೊಂಡರು. ಸೊಂಟದ ಹಗ್ಗ ಬಿಚ್ಚಲು ಮರೆತಿದ್ದರು. ನಾನೂ ನೆನಪಿಸಲಿಲ್ಲ.

ಎಂಜಿನ್ ತೊಳೆದು, ಸ್ಟಾರ್ಟ್ ಮಾಡಿ, ಮುಂದಿನ ಎಡಗಡೆ ಬಾಗಿಲು ತೆರೆದಿಟ್ಟಿದ್ದರು. ಯಜಮಾನರು ಅದನ್ನು ಕಂಡು ನನ್ನ ಕಡೆ ತಿರುಗಿ, ಮೊದಲ ಬಾರಿಗೆ ಗದರಿದರು. “ಬ್ಯಾಡ ಮೇಡಂ. ಆರ್ಡರ್ ಇದೆ. ನಂಗೋಸ್ಕರ ನಿಮ್ಗೆ ಕೆಟ್ಟೆಸರು ಬ್ಯಾಡ.”

“ನೀವು ಹತ್ತಬಾರದು ಅಂತ ಆರ್ಡರ್ ಇದೆ,” ಎಂದೆ, ಅವರಿಗೆ ಕಾಣುವ ಹಾಗೆ ನಿಧಾನವಾಗಿ. “ಎಂಜಿನ್ ನಿಮ್ಮ ಹಿಂದೆ ಬರಬಾರದು ಅಂತ ಎಲ್ಲೂ ಬರೆದಿಲ್ಲ.”

ಪಂಪ್ ಆಪರೇಟರ್ ಸ್ಟಿಯರಿಂಗ್ ಮೇಲೆ ಕೈಯಿಟ್ಟು ಕೂಗಿದ: “ನಡೀರಿ ಯಜಮಾನ್ರೇ, ಮೇಡಂ ಮತ್ತೆ ವಾದ ಶುರು ಮಾಡ್ತಾರೆ!” ಅವರಿಗೆ ಕೇಳಿಸಲಿಲ್ಲ, ಉಳಿದವರು ನಕ್ಕದ್ದು ನೋಡಿ ಅವರೂ ನಕ್ಕರು.

ಹಾಗೆ ಹೊರಟೆವು. ಮುಂದೆ ಯಜಮಾನರು ಸೈಕಲ್ ತಳ್ಳಿಕೊಂಡು. ಹಿಂದೆ ಹಗ್ಗದ ತುದಿ ಹಿಡಿದ ನಾನು, ನನ್ನ ಹಿಂದೆ, ಎಂಜಿನ್ ಓಡಿಸುತ್ತಿದ್ದ ಪಂಪ್ ಆಪರೇಟರನ್ನು ಬಿಟ್ಟು, ಉಳಿದ ಹನ್ನೆರಡು ಮಂದಿ, ಎಲ್ಲರ ಹಿಂದೆ ಒಂದು ಸೀಟು ಖಾಲಿಯಿದ್ದ ಎಂಜಿನ್, ಗಂಟೆ ಬಾರಿಸುತ್ತ. ಗೇಟಿನ ಬಳಿ ಕಮಾಂಡೆಂಟರ ಜೀಪು ನಿಂತಿತ್ತು. ಅವರು ಖಾಲಿ ಸೀಟನ್ನು ನೋಡಿದರು, ನನ್ನನ್ನು ನೋಡಿದರು, ಸೆಲ್ಯೂಟ್ ಹೊಡೆದರು.

ನಾನು ಗೇಟಿನ ಗೆರೆಯ ಮೇಲೆ ನಿಂತೆ. ಡ್ಯೂಟಿಯಲ್ಲಿರುವ ಸ್ಟೇಷನ್ ಆಫೀಸರ್ ದಾಟುವಂತಿಲ್ಲ. ಯಜಮಾನರು ನಡೆಯುತ್ತಲೇ ಹೋದರು. ಸಿಂಬಿ ಬಿಚ್ಚಿಕೊಳ್ಳುತ್ತ ಹಗ್ಗ ನನ್ನ ಕೈಯಿಂದ ಮೆಲ್ಲಗೆ ಹರಿಯಿತು. ಬಿಗಿಯಾಗಿ ಹಿಡಿಯಲಿಲ್ಲ. ರಸ್ತೆಯ ತಿರುವಿನ ಹತ್ತಿರ ಅದು ಮುಗಿದು ನೆಟ್ಟಗಾಯಿತು. ಅವರು ನಿಂತರು. ತಿರುಗಿ ನೋಡಲಿಲ್ಲ. ಸೊಂಟದ ಹತ್ತಿರ ಅವರ ಕೈ ಆಡಿತು.

ಒಂದು. ಎರಡು. ಮೂರು.

ಅವರು ಎಳೆದು ಮುಗಿಸುವವರೆಗೆ ಕಾದೆ. ಆಮೇಲೆ ಮೂರು ಸಲ ತಿರುಗಿ ಎಳೆದೆ.